ದಿನದ ಬಡ್ಡಿಯಿಂದ ಹೊರಬರಲು ಯಾವ ಸಾಲ ಆಗುತ್ತದೆ, ಯಾವುದು ಆಗುವುದಿಲ್ಲ

ಕೋಲಾರ ಸೀಮೆಯ ಹಳ್ಳಿಗಳಲ್ಲಿ ಬಡ್ಡಿಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವವರು ಕಡಿಮೆ. ‘ಎರಡು ರೂಪಾಯಿ ಬಡ್ಡಿ’, ‘ಐದು ರೂಪಾಯಿ ಬಡ್ಡಿ’, ‘ಹತ್ತು ರೂಪಾಯಿ ಬಡ್ಡಿ’ ಎನ್ನುತ್ತಾರೆ. ನೂರು ರೂಪಾಯಿಗೆ ಒಂದು ತಿಂಗಳಿಗೆ ಇಷ್ಟು ಎಂದು ಅದರ ಅರ್ಥ. ಬ್ಯಾಂಕಿನ ಫಲಕದ ಮೇಲೆ ‘ಶೇ 10’ ಎಂದು ಬರೆದಿದ್ದರೆ ಅದು ಒಂದು ವರ್ಷದ ಲೆಕ್ಕ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವ ನಾನು, ‘ಅಲ್ಲೂ ಹತ್ತು, ಇಲ್ಲೂ ಹತ್ತು, ಅಲ್ಲಿಗಾದರೆ ನಾಲ್ಕು ಸಲ ಅಲೆಯಬೇಕು’ ಎಂಬ ಮಾತನ್ನು ಹಾಲು ಅಳೆಯುವ ಸಾಲಿನಲ್ಲಿ ನಿಂತವರ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಕೈಸಾಲದ ಹತ್ತು ರೂಪಾಯಿ ಬಡ್ಡಿಯನ್ನು ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ ಶೇ 120 ಆಗುತ್ತದೆ. ಯಾವ ಸಾಲವನ್ನು ಯಾವುದರೊಂದಿಗೆ ಹೋಲಿಸುವುದಿದ್ದರೂ ಮೊದಲು ಎಲ್ಲವನ್ನೂ ವರ್ಷದ ಲೆಕ್ಕಕ್ಕೆ ತಂದುಕೊಳ್ಳಬೇಕು.

ದಿನದ ವಸೂಲಿಯ ಸಾಲದಲ್ಲಿ ಈ ಲೆಕ್ಕ ಇನ್ನೂ ಮರೆಯಾಗಿರುತ್ತದೆ. ದಿನದ ಕಂತು ಗುರುತು ಹಾಕುವ ಸಣ್ಣ ಪುಸ್ತಕದಲ್ಲಿ ಹತ್ತು ಸಾವಿರ ಎಂದು ಬರೆದು, 1,500 ರೂಪಾಯಿಯನ್ನು ಮೊದಲೇ ಹಿಡಿದುಕೊಂಡು 8,500 ಕೈಗೆ ಕೊಡುತ್ತಾರೆ. ದಿನಕ್ಕೆ ನೂರು ರೂಪಾಯಿಯಂತೆ ನೂರು ದಿನ ಕಟ್ಟಬೇಕು. ಕೇಳಿದವರಿಗೆ ‘ಹತ್ತು ಸಾವಿರಕ್ಕೆ ಒಂದೂವರೆ ಸಾವಿರ, ಅಂದರೆ ನೂರಕ್ಕೆ ಹದಿನೈದು’ ಎಂದು ತೋರುತ್ತದೆ. ಆದರೆ ಕೈಗೆ ಬಂದದ್ದು 8,500, ಅದೂ ಮಾರನೆಯ ದಿನದಿಂದಲೇ ಕರಗುತ್ತ ಹೋಗುವ ಮೊತ್ತ. ಐವತ್ತನೆಯ ದಿನಕ್ಕೆ ಅಸಲಿನ ಅರ್ಧಕ್ಕೂ ಹತ್ತಿರದಷ್ಟು ವಾಪಸ್ಸಾಗಿರುತ್ತದೆ, ಆದರೂ ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೆ, ಪೂರ್ತಿ ನೂರು ದಿನಕ್ಕೆ, ಮೊದಲೇ ಹೋಗಿರುತ್ತದೆ. ದಿನದಿನದ ಬಾಕಿಯನ್ನು ಹಿಡಿದು ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ 120 ಬೀಳುತ್ತದೆ. ಹತ್ತು ರೂಪಾಯಿ ಬಡ್ಡಿಯ ಕೈಸಾಲಕ್ಕೆ ಹೆದರುವವರು ದಿನದ ಪುಸ್ತಕಕ್ಕೆ ಹೆದರುವುದಿಲ್ಲ. ಎರಡೂ ಒಂದೇ ತೂಕದವು.

ಹಾಗೆಂದು ದರವೊಂದನ್ನೇ ನೋಡಿ ಆಯ್ಕೆ ಮಾಡಿದರೂ ಕೆಲಸ ಕೆಡುತ್ತದೆ. ಸಾಲದ ಸುಳಿಯಲ್ಲಿ ಸಿಕ್ಕಿದ ಮನೆಗಳ ಲೆಕ್ಕವನ್ನು ಬಿಡಿಸಿ ನೋಡಿದಾಗ ನನಗೆ ಕಂಡದ್ದೆಂದರೆ, ಬಡ್ಡಿ ಎಷ್ಟು ಮುಖ್ಯವೋ ಕಂತಿನ ತಾರೀಖೂ ಅಷ್ಟೇ ಮುಖ್ಯ. ಹಾಲಿನ ಬಟವಾಡೆ ಹದಿನೈದು ದಿನಕ್ಕೊಮ್ಮೆ, ಗಾರೆ ಕೆಲಸದ ಕೂಲಿ ಶನಿವಾರಕ್ಕೊಮ್ಮೆ, ರೇಷ್ಮೆಗೂಡಿನ ದುಡ್ಡು ಬೆಳೆಗೊಮ್ಮೆ, ನರಸಾಪುರದ ಕಾರ್ಖಾನೆಯ ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಕಂತು ಮಾತ್ರ ದಿನವೂ, ವಾರವೂ ಬಾಗಿಲಿಗೆ ಬಂದು ನಿಲ್ಲುತ್ತದೆ. ಈ ನಡುವಿನ ಬಿರುಕನ್ನು ತುಂಬಲು ತರುವ ಪುಡಿ ಸಾಲವೇ ಮುಂದಿನ ಸಾಲಕ್ಕೆ ತಾಯಿ. ಆದ್ದರಿಂದ ಹೊಸ ಸಾಲವೊಂದನ್ನು ಅಳೆಯುವಾಗ ನಾನು ಮೂರು ಪ್ರಶ್ನೆ ಕೇಳುತ್ತೇನೆ: ವರ್ಷಕ್ಕೆ ಎಷ್ಟು ಬೀಳುತ್ತದೆ, ಕಂತು ನಮ್ಮ ದುಡ್ಡು ಬರುವ ದಿನಕ್ಕೆ ಹೊಂದುತ್ತದೆಯೇ, ಮತ್ತು ಅದು ಬಂದ ದಿನವೇ ಹಳೆಯ ಯಾವ ಸಾಲ ಪೂರ್ತಿಯಾಗಿ ತೀರುತ್ತದೆ. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಶೇ 7ರ ಸಾಲವೂ ಬೇಡ.

ಮಂಚದ ಮೇಲೆ ಹರಡಿದ ಲೆಕ್ಕ

ನಮ್ಮ ಡೈರಿಗೆ ಎರಡು ಹಸುಗಳ ಹಾಲು ಹಾಕುವ ಒಬ್ಬ ಹೆಣ್ಣುಮಗಳು ಒಂದು ಮಧ್ಯಾಹ್ನ ಮನೆಗೆ ಕರೆದು, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರನ್ನು ತೆಗೆದು ಮಂಚದ ಮೇಲೆ ಸುರಿದಳು. ಕಿರುಸಾಲ (ಮೈಕ್ರೋಫೈನಾನ್ಸ್) ಕಂಪನಿಗಳ ಎರಡು ಕಾರ್ಡು, ತುದಿ ಸುರುಳಿಯಾದ ಎರಡು ಸಣ್ಣ ವಸೂಲಿ ಪುಸ್ತಕ, ಗಿರವಿ ಅಂಗಡಿಯ ಒಂದು ರಸೀದಿ. ಹತ್ತು ರೂಪಾಯಿ ಬಡ್ಡಿಯ ಕೈಸಾಲಕ್ಕೆ ಕಾಗದವೇ ಇರಲಿಲ್ಲ. ಅವಳ ಸಹಿಯ ಪ್ರೋನೋಟು (ಸಾಲ ತೀರಿಸುವೆನೆಂಬ ಪತ್ರ) ಮತ್ತು ಮೊತ್ತ ಬರೆಯದ ಒಂದು ಚೆಕ್ಕು ಕೊಟ್ಟವರ ಬಳಿಯೇ ಇದ್ದವು. ‘ಅಣ್ಣಾ, ಇದ್ರಲ್ಲಿ ಯಾವ್ದು ಮೊದ್ಲು ತೀರಿಸ್ಲಿ?’ ಎಂದು ಕೇಳಿದಳು.

ಬರೆದುಕೊಂಡ ಲೆಕ್ಕ ಹೀಗಿತ್ತು. ಮೇವು, ಹಿಂಡಿ ಕಳೆದು ಹಾಲಿನಿಂದ ಉಳಿಯುವುದು ಮತ್ತು ಗಂಡನ ಗಾರೆ ಕೆಲಸದ ಕೂಲಿ ಸೇರಿ ತಿಂಗಳಿಗೆ 24,000 ರೂಪಾಯಿ. ಮನೆಖರ್ಚು 13,000. ಉಳಿಯುವ 11,000ದಲ್ಲಿ ಎರಡು ದಿನದ ಪುಸ್ತಕಗಳಿಗೆ 6,000, ಇಪ್ಪತ್ತು ಸಾವಿರದ ಕೈಸಾಲಕ್ಕೆ ಬಡ್ಡಿಯೇ 2,000, ಕಿರುಸಾಲದ ಎರಡು ಕಂತುಗಳಿಗೆ 5,300, ಒಟ್ಟು 13,300. ಗಿರವಿ ಅಂಗಡಿಯಲ್ಲಿ ಸರ ಇಟ್ಟು ತಂದ 60,000ಕ್ಕೆ ಎರಡು ರೂಪಾಯಿಯಂತೆ ತಿಂಗಳಿಗೆ 1,200 ಬಡ್ಡಿ ಏರುತ್ತಿತ್ತು. ಆರು ತಿಂಗಳಿಂದ ಅದನ್ನು ಕಟ್ಟಿರಲಿಲ್ಲ. ಅದನ್ನು ಕಟ್ಟದೆ ಬಿಟ್ಟರೂ ಪ್ರತಿ ತಿಂಗಳು 2,300 ರೂಪಾಯಿ ಕಡಿಮೆ ಬೀಳುತ್ತಿತ್ತು. ಮೂರು ತಿಂಗಳಿಗೆ ಏಳು ಸಾವಿರ. ಅಷ್ಟರಲ್ಲಿ ಒಂದು ಪುಸ್ತಕ ಮುಗಿಯುತ್ತ ಬಂದಿರುತ್ತದೆ, ವಸೂಲಿಗೆ ಬರುವವನು ಬೈಕಿನಿಂದ ಇಳಿಯದೆಯೇ ‘ಇನ್ನೊಂದು ಪುಸ್ತಕ ಹಾಕೋಣವಾ ಅಕ್ಕಾ’ ಎನ್ನುತ್ತಾನೆ, 8,500 ಕೈಗೆ ಬರುತ್ತದೆ. ಈ ಮನೆಯಲ್ಲಿ ಕುಡಿತವಿರಲಿಲ್ಲ, ದುಂದು ಇರಲಿಲ್ಲ. ಮೊದಲ ಸಾಲ ಹುಟ್ಟಿದ್ದು ಒಂದು ಹಸು ಕೆಚ್ಚಲುಬಾವಿಗೆ ಸಿಕ್ಕಿ ಎರಡು ತಿಂಗಳು ಹಾಲು ನಿಂತಾಗ.

ಒಡವೆ: ಕೈಯಲ್ಲಿರುವ ಮೊದಲ ದಾರಿ

ಇಂಥ ಮನೆಗಳಲ್ಲಿ ಬ್ಯಾಂಕು ಒಪ್ಪುವ ಆಸ್ತಿಯೆಂದರೆ ಬಹುಮಟ್ಟಿಗೆ ಒಡವೆಯೊಂದೇ. ಅದು ಈಗಾಗಲೇ ಗಿರವಿ ಅಂಗಡಿಯಲ್ಲಿದೆ ಎಂದ ಮಾತ್ರಕ್ಕೆ ದಾರಿ ಮುಚ್ಚಿತೆಂದು ತಿಳಿಯಬಾರದು. ಅಂಗಡಿಯವರು ಹಳೆಯ ಬೆಲೆಗೆ, ಸರದ ಮೌಲ್ಯಕ್ಕಿಂತ ತೀರ ಕಡಿಮೆ ಮೊತ್ತ ಕೊಟ್ಟಿರುತ್ತಾರೆ. ಆಮೇಲೆ ಚಿನ್ನದ ಬೆಲೆ ಏರಿರುತ್ತದೆ. ಅದೇ ಸರಕ್ಕೆ ಬ್ಯಾಂಕಿನಲ್ಲಿ ಹೆಚ್ಚು ಸಾಲ ಸಿಗುತ್ತದೆ, ಬಡ್ಡಿಯೂ ತಿಂಗಳಿಗೆ ಒಂದು ರೂಪಾಯಿಯ ಆಸುಪಾಸಿನಲ್ಲಿರುತ್ತದೆ. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿ, ತಡವೆಂದರೆ 2026ರ ಏಪ್ರಿಲ್ 1ರಿಂದ ಪಾಲಿಸಬೇಕೆಂದು ಹೇಳಿದ ನಿಯಮಗಳ ಪ್ರಕಾರ, ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಒಡವೆಯ ಮೌಲ್ಯದ ಶೇ 85ರವರೆಗೆ, ಐದು ಲಕ್ಷದವರೆಗೆ ಶೇ 80ರವರೆಗೆ, ಅದಕ್ಕೆ ಮೇಲ್ಪಟ್ಟರೆ ಶೇ 75ರವರೆಗೆ ಕೊಡಬಹುದು. ಸಾಲ ತೀರಿದ ಮೇಲೆ ಒಡವೆಯನ್ನು ಏಳು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಈ ರಕ್ಷಣೆ ಬ್ಯಾಂಕು, ಸಹಕಾರಿ ಬ್ಯಾಂಕು ಮತ್ತು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಹಣಕಾಸು ಕಂಪನಿಗಳಲ್ಲಿ ಮಾತ್ರ. ಬೀದಿಯ ಗಿರವಿ ಅಂಗಡಿಗೆ ಅನ್ವಯಿಸುವ ಕಾನೂನು ಬೇರೆ.

ಅವಳ ಲೆಕ್ಕವನ್ನು ಇದಕ್ಕೆ ಹೊಂದಿಸಿ ನೋಡಿದೆವು. ಗಿರವಿ ಅಂಗಡಿಯ ಅಸಲು 60,000, ಬಾಕಿ ಬಡ್ಡಿ 7,200, ಕೈಸಾಲದ 20,000, ಅದರ ಒಂದು ತಿಂಗಳ ಬಡ್ಡಿ 2,000, ದಿನದ ಪುಸ್ತಕಗಳಲ್ಲಿ ಉಳಿದ 12,000. ಎಲ್ಲ ಸೇರಿ 1,01,200. ಬ್ಯಾಂಕಿನಲ್ಲಿ ಸರದ ಮೇಲೆ 1,02,000 ತೆಗೆದರೆ, ವರ್ಷಕ್ಕೆ ಶೇ 10ರಂತೆ, ತಿಂಗಳಿಗೆ ಬಡ್ಡಿ 850 ರೂಪಾಯಿ. ಮೊದಲು ಇದೇ ಸಾಲಗಳಿಗೆ ತಿಂಗಳಿಗೆ ಹೋಗುತ್ತಿದ್ದುದು, ಏರುತ್ತಿದ್ದ ಗಿರವಿ ಬಡ್ಡಿಯೂ ಸೇರಿ, 9,200. ಕಿರುಸಾಲದ ಕಂತುಗಳನ್ನು ಮುಟ್ಟದೆ ಹಾಗೆಯೇ ನಡೆಸಿಕೊಂಡು ಹೋದರೂ ತಿಂಗಳ ಕೊನೆಗೆ 4,850 ಉಳಿಯುತ್ತದೆ, ಅದನ್ನು ಅಸಲಿಗೆ ಕಟ್ಟುತ್ತ ಹೋಗಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ದಿನದ ಪುಸ್ತಕದ ಬಡ್ಡಿಯನ್ನು ಅವರು ಮೊದಲೇ ಹಿಡಿದುಕೊಂಡಿರುವುದರಿಂದ, ಉಳಿದ 12,000ವನ್ನು ಇಂದೇ ಕಟ್ಟಿದರೂ ಅರವತ್ತು ದಿನ ಬಿಟ್ಟು ಕಟ್ಟಿದರೂ ಅಷ್ಟೇ. ಬರೀ ಲೆಕ್ಕದ ಪ್ರಕಾರ ಅದನ್ನು ಬೇಗ ತೀರಿಸಿ ಲಾಭವಿಲ್ಲ, ಮೊದಲು ತೀರಬೇಕಾದದ್ದು ಹತ್ತು ರೂಪಾಯಿಯ ಕೈಸಾಲ. ಆದರೂ ಅದನ್ನು ಸೇರಿಸಿ ತೀರಿಸಿಬಿಡು ಎಂದೇ ಹೇಳಿದೆ. ಆ 12,000ಕ್ಕೆ ಬ್ಯಾಂಕಿನ ಬಡ್ಡಿ ತಿಂಗಳಿಗೆ ನೂರು ರೂಪಾಯಿ ತಗಲುತ್ತದೆ, ಅಷ್ಟು ಹೋಗಲಿ. ಪ್ರತಿ ಸಂಜೆ ಬಾಗಿಲಿಗೆ ಬರುವವನೇ ಮುಂದಿನ ಪುಸ್ತಕವನ್ನೂ ಕೊಡುವವನು, ಅವನು ಬರುವುದು ನಿಲ್ಲಬೇಕು. ಒಟ್ಟಿಗೆ ಕಟ್ಟುತ್ತೇನೆ, ಐನೂರೋ ಸಾವಿರವೋ ಬಿಡಿ ಎಂದು ಕೇಳುವುದರಲ್ಲಿ ನಾಚಿಕೆ ಬೇಡ, ಕೆಲವರು ಬಿಡುತ್ತಾರೆ.

ಚಿನ್ನದ ಸಾಲದಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು, ಸರ ಕೈಗೆ ಬಾರದೆ ಬ್ಯಾಂಕು ಸಾಲ ಕೊಡುವುದಿಲ್ಲ, ದುಡ್ಡು ಕೊಡದೆ ಅಂಗಡಿಯವರು ಸರ ಬಿಡುವುದಿಲ್ಲ. ಈ ಒಂದು ದಿನದ ಸೇತುವೆಗೆ ಅವಳ ಅಣ್ಣ ಬಂದು ನಿಂತರು. ಬೆಳಿಗ್ಗೆ ಕೊಟ್ಟು ಮಧ್ಯಾಹ್ನ ಬ್ಯಾಂಕಿನ ಬಾಗಿಲಲ್ಲೇ ವಾಪಸ್ಸು ಪಡೆದರು. ಅಂಥವರಿಲ್ಲದಿದ್ದರೆ, ಬೇರೆ ಕಡೆ ಇಟ್ಟ ಒಡವೆಯನ್ನು ತಾವೇ ಬಿಡಿಸಿ ತಂದುಕೊಳ್ಳುವ ವ್ಯವಸ್ಥೆ ಕೆಲವು ಹಣಕಾಸು ಕಂಪನಿಗಳಲ್ಲಿದೆ, ಬಡ್ಡಿ ಬ್ಯಾಂಕಿಗಿಂತ ಹೆಚ್ಚು. ಹಾಗೆ ಬಿಡಿಸಿಕೊಂಡು, ಸ್ವಲ್ಪ ತೀರಿಸಿ, ಆಮೇಲೆ ಬ್ಯಾಂಕಿಗೆ ಬದಲಾಯಿಸುವುದೂ ಒಂದು ದಾರಿ. ಎರಡನೆಯದು, ಬಡ್ಡಿ ಅಸಲು ಎರಡನ್ನೂ ಕೊನೆಗೆ ಒಟ್ಟಿಗೆ ಕಟ್ಟುವ ಬಗೆಯ ಚಿನ್ನದ ಸಾಲದ ಅವಧಿ ಹೆಚ್ಚೆಂದರೆ ಹನ್ನೆರಡು ತಿಂಗಳು. ತಿಂಗಳ ಕಂತಿಲ್ಲವೆಂಬ ನಿರಾಳದಲ್ಲಿ ಹನ್ನೊಂದು ತಿಂಗಳು ಕಳೆದುಬಿಟ್ಟರೆ ಹನ್ನೆರಡನೆಯ ತಿಂಗಳು ಮತ್ತೆ ಪುಸ್ತಕದವನನ್ನೇ ಕರೆಯಬೇಕಾಗುತ್ತದೆ. ಬಟವಾಡೆ ಬಂದ ಮಾರನೆಯ ದಿನವೇ ಚಿನ್ನದ ಸಾಲದ ಖಾತೆಗೆ ಎರಡು ಸಾವಿರವಾದರೂ ಕಟ್ಟುವ ಮನೆಗೆ ಮಾತ್ರ ಈ ಸಾಲ ಸರಿ. ಮೌಲ್ಯ ಹೆಚ್ಚಿದೆ, ಇನ್ನೂ ಐವತ್ತು ಸಾವಿರ ಸಿಗುತ್ತದೆ ಎಂದು ಕೌಂಟರಿನಲ್ಲಿ ಹೇಳಿದರೆ ಬೇಡವೆನ್ನಬೇಕು.

ಸೊಸೈಟಿ, ಬೆಳೆಸಾಲ, ಮಹಿಳಾ ಸಂಘ

ದರದಲ್ಲಿ ಸಹಕಾರ ಸಂಘಗಳನ್ನು ಮೀರಿಸುವವರಿಲ್ಲ. ಕರ್ನಾಟಕದಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಮೂಲಕ ಸಕಾಲಕ್ಕೆ ಮರುಪಾವತಿಸುವ ರೈತರಿಗೆ ಅಲ್ಪಾವಧಿ ಬೆಳೆಸಾಲ ಶೂನ್ಯ ಬಡ್ಡಿಗೆ ಸಿಗುತ್ತದೆ; ಅದರ ಮಿತಿಯನ್ನು 2023ರ ಜುಲೈನ ಬಜೆಟ್‌ನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. ವಾಣಿಜ್ಯ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಮೂರು ಲಕ್ಷದವರೆಗೆ ಶೇ 7, ಹೇಳಿದ ದಿನಕ್ಕೆ ಕಟ್ಟಿದರೆ ರಿಯಾಯಿತಿ ಸೇರಿ ಶೇ 4 ಬೀಳುತ್ತದೆ. 2025ರ ಜನವರಿಯಿಂದ ಎರಡು ಲಕ್ಷದವರೆಗಿನ ಕೃಷಿ ಸಾಲಕ್ಕೆ ಜಾಮೀನು ಆಸ್ತಿ ಕೇಳುವಂತಿಲ್ಲ. ಹಸು ಸಾಕುವವರಿಗೂ ಈ ಕಾರ್ಡು ಉಂಟು, ಜಮೀನು ಇಲ್ಲದವರಿಗೂ ಸಿಗುತ್ತದೆ ಎಂಬುದು ನಮ್ಮ ಡೈರಿಯ ಅರ್ಧ ಜನಕ್ಕೆ ತಿಳಿದೇ ಇರಲಿಲ್ಲ.

ಆದರೆ ಇದು ಬೆಂಕಿ ಬಿದ್ದಾಗ ತರುವ ನೀರಲ್ಲ. ಪಹಣಿ, ಬೇರೆ ಕಡೆ ಬಾಕಿಯಿಲ್ಲವೆಂಬ ಪತ್ರ, ಸಂಘದ ಸದಸ್ಯತ್ವ, ಸರದಿ ಎಂದು ತಿಂಗಳುಗಳು ಹಿಡಿಯುತ್ತವೆ, ಮತ್ತು ಸಾಲ ಕೊಡುವುದು ಬೆಳೆಗೆ, ಮೇವಿಗೆ. ದಿನದ ಪುಸ್ತಕ, ಕೈಸಾಲದಂಥ ಮೀಟರ್ ಬಡ್ಡಿ ತೀರಿಸಲಿಕ್ಕಲ್ಲ. ಇದರ ನಿಜವಾದ ಉಪಯೋಗ ಸುಳಿಯಿಂದ ಒಂದು ಹೆಜ್ಜೆ ಹೊರಬಂದ ಮೇಲೆ. ಮುಂದಿನ ಬಿತ್ತನೆಗೆ, ಮುಂದಿನ ಹಿಂಡಿಗೆ ಕೈಸಾಲ ತರಬೇಕಾಗಿಲ್ಲ ಎಂಬಷ್ಟು ಮಾಡಿಕೊಟ್ಟರೆ ಸಾಕು. ಅರ್ಜಿಯನ್ನು ಮಾತ್ರ ಇವತ್ತೇ ಹಾಕಬೇಕು.

ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸ್ವಸಹಾಯ ಸಂಘದ ಒಳಸಾಲವನ್ನು ಜನ ಕಡೆಗಣಿಸುತ್ತಾರೆ. ಹೆಂಗಸರೇ ವಾರವಾರ ಕಟ್ಟಿದ ಉಳಿತಾಯದಿಂದ ಒಂದೋ ಎರಡೋ ರೂಪಾಯಿ ಬಡ್ಡಿಗೆ ಕೊಡುವ ಈ ಹಣದ ಬಡ್ಡಿ ಮತ್ತೆ ಸಂಘಕ್ಕೇ ಸೇರುತ್ತದೆ. ಮೊತ್ತ ಸಣ್ಣದು, ಐದು ಹತ್ತು ಸಾವಿರ. ಆದರೆ ಹಸು ಕಾಯಿಲೆ ಬಿದ್ದ ತಿಂಗಳಿಗೆ ಬೇಕಾದದ್ದೂ ಅಷ್ಟೇ ಅಲ್ಲವೇ. ನಮ್ಮ ಕಡೆ ಇದಕ್ಕೂ ‘ಸಂಘ’ ಎನ್ನುತ್ತಾರೆ, ಕಿರುಸಾಲ ಕಂಪನಿಯ ಗುಂಪಿಗೂ ‘ಸಂಘ’ ಎನ್ನುತ್ತಾರೆ. ಒಂದರಲ್ಲಿ ದುಡ್ಡು ನಮ್ಮದು, ಇನ್ನೊಂದರಲ್ಲಿ ಕಂಪನಿಯದು.

ಕಿರುಸಾಲ ಕಂಪನಿ: ಪುಸ್ತಕದವನಿಗಿಂತ ವಾಸಿ, ಅಲ್ಲಿಗೆ ಅಷ್ಟೇ

ವರ್ಷಕ್ಕೆ ಶೇ 24ರಂತೆ, ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕುವ 50,000 ರೂಪಾಯಿ ಸಾಲಕ್ಕೆ ಎರಡು ವರ್ಷ ತಿಂಗಳಿಗೆ ಸುಮಾರು 2,645 ರೂಪಾಯಿ ಕಂತು ಬರುತ್ತದೆ. ಒಟ್ಟು ಬಡ್ಡಿ ಹದಿಮೂರೂವರೆ ಸಾವಿರದ ಹತ್ತಿರ. ಅದೇ ಶೇ 24 ‘ಫ್ಲಾಟ್’ ಎಂದರೆ, ಅಂದರೆ ಮೊದಲ ದಿನದ ಮೊತ್ತದ ಮೇಲೆಯೇ ಕೊನೆಯವರೆಗೂ ಬಡ್ಡಿ ಎಂದರೆ, ಒಟ್ಟು 24,000 ಬಡ್ಡಿ, ನಿಜವಾದ ದರ ಶೇ 41. ಕಾರ್ಡಿನ ಮೇಲೆ ಯಾವುದಿದೆ ಎಂದು ಸಹಿಗೆ ಮುಂಚೆ ಕೇಳುವ ಹಕ್ಕು ಸಾಲಗಾರರಿಗಿದೆ. ರಿಸರ್ವ್ ಬ್ಯಾಂಕಿನ 2022ರ ನಿಯಮಗಳ ಪ್ರಕಾರ, ವರ್ಷದ ಆದಾಯ ಮೂರು ಲಕ್ಷದೊಳಗಿನ ಕುಟುಂಬಕ್ಕೆ ಕೊಡುವ ಈ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಬಡ್ಡಿಯೂ ಇತರ ಖರ್ಚೂ ಸೇರಿದ ಒಟ್ಟು ದರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕು, ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ, ಕಂತು ತಪ್ಪಿದರೆ ದಂಡವನ್ನು ತಪ್ಪಿದ ಮೊತ್ತದ ಮೇಲೆ ಮಾತ್ರ ಹಾಕಬೇಕು, ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮುಂಚೆಯೂ ಸಂಜೆ 6ರ ನಂತರವೂ ಕರೆ ಮಾಡುವಂತಿಲ್ಲ.

ಶೇ 120ರ ಸಾಲವನ್ನು ಶೇ 24ರ ಸಾಲದಿಂದ ತೀರಿಸುವುದು ಲೆಕ್ಕಕ್ಕೆ ಸರಿಯೇ. ಒಡವೆ ಇಲ್ಲದ ಮನೆಗೆ ಕೆಲವೊಮ್ಮೆ ಇದೊಂದೇ ದಾರಿ. ಆದರೆ ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಕಿರುಸಾಲದ ದುಡ್ಡು ಹಳೆಯ ಸಾಲವನ್ನು ಅರ್ಧ ತೀರಿಸಿ ನಿಂತಿದೆ, ಉಳಿದರ್ಧ ಸೀಮಂತಕ್ಕೋ ಸ್ಕೂಲಿನ ಫೀಜಿಗೋ ಹೋಗಿದೆ. ಎರಡೂ ಕಂತು ಒಟ್ಟಿಗೆ ನಡೆದಿವೆ. ಗುಂಪಿನ ಹೊಣೆ ಬೇರೆ: ಒಬ್ಬರು ತಪ್ಪಿದರೆ ಉಳಿದವರ ಮುಖ ನೋಡಿಕೊಂಡು ಕೂರಬೇಕು. ಅದಕ್ಕಿಂತ ಕೆಟ್ಟದ್ದು, ನಮ್ಮ ಹೆಸರಿನಲ್ಲಿ ಎತ್ತಿ ಇನ್ನೊಬ್ಬರ ಕೈಗೆ ಕೊಟ್ಟ ಸಾಲ. ‘ಕಂತು ನಾನೇ ಕಟ್ಟುತ್ತೇನೆ, ಹೆಸರು ಮಾತ್ರ ನಿನ್ನದು’ ಎಂದವರು ಮೂರು ಕಂತಿನ ಮೇಲೆ ಊರು ಬಿಟ್ಟರೆ ಕಾನೂನಿನ ಕಣ್ಣಿಗೆ ಸಾಲಗಾರರು ನಾವೇ. ನಮ್ಮ ಹೆಸರಿನಲ್ಲಿ ಏನೇನಿದೆ ಎಂದು ತಿಳಿಯಲು ಸಿಬಿಲ್ ಮೊದಲಾದ ನಾಲ್ಕು ಸಾಲಮಾಹಿತಿ ಸಂಸ್ಥೆಗಳಲ್ಲಿ ಪ್ರತಿಯೊಂದರಿಂದಲೂ ವರ್ಷಕ್ಕೊಂದು ವರದಿಯನ್ನು ಉಚಿತವಾಗಿ ಪಡೆಯಬಹುದು. ಹೊಸ ಸಾಲಕ್ಕೆ ಹೊರಡುವ ಮುಂಚೆ ಅದನ್ನು ತೆಗೆಸಿ ನೋಡುವುದು ಒಳ್ಳೆಯದು; ಮರೆತುಹೋದ ಸಾಲಗಳು ಅದರಲ್ಲಿ ಕಾಣಿಸಿಕೊಳ್ಳುತ್ತವೆ.

ಮಿಕ್ಕ ದಾರಿಗಳು

ನಡೆಯುತ್ತಿರುವ ಚೀಟಿಯೊಂದಿದ್ದರೆ ಅದನ್ನು ಎತ್ತಿ ಕೈಸಾಲ ತೀರಿಸಬಹುದು. ಅರ್ಧ ದಾಟಿದ ಮೇಲೆ ಎತ್ತಿದರೆ ಬಿಡಬೇಕಾದ ಮೊತ್ತ ಕಡಿಮೆ. ಆ ಮೊತ್ತವನ್ನು ತಿಂಗಳಿಗೆ ಉಳಿಯುವ ಬಡ್ಡಿಯೊಂದಿಗೆ ತೂಗಿ ನೋಡಬೇಕು. ಸಾಲ ತೀರಿಸಲೆಂದು ಹೊಸದಾಗಿ ಚೀಟಿಗೆ ಸೇರಿ ಮೊದಲ ತಿಂಗಳೇ ಕೂಗುವುದಂತೂ ಸಾಲಕ್ಕಿಂತ ದುಬಾರಿ. ನೋಂದಣಿಯಾದ ಚೀಟಿಯಲ್ಲಿ ನಡೆಸುವವರ ಕಮಿಷನ್ ಶೇ 7 ಮೀರುವಂತಿಲ್ಲ, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಸಹ ಚೀಟಿ ನಡೆಸುತ್ತದೆ. ಓಣಿಯ ಚೀಟಿಯಲ್ಲಿ ನಂಬಿಕೆಯೇ ದಾಖಲೆ.

ಟೊಮೆಟೊ ಬೆಳೆಯುವವರಿಗೆ ಮಂಡಿಯ ಮುಂಗಡ ಎಂಬುದೊಂದಿದೆ. ಸಸಿ, ಕೋಲು, ಔಷಧಿಗೆಂದು ಮಂಡಿಯವರು ಕೊಡುವ ದುಡ್ಡಿಗೆ ಎಷ್ಟೋ ಕಡೆ ಬಡ್ಡಿ ಇರುವುದಿಲ್ಲ, ಬೆಳೆ ಮಾತ್ರ ಅದೇ ಮಂಡಿಗೆ ಬರಬೇಕು. ಬಡ್ಡಿಯ ಜಾಗದಲ್ಲಿ ಬೇರೆ ಮಂಡಿಯ ಬೆಲೆ ಕೇಳುವ ಸ್ವಾತಂತ್ರ್ಯವನ್ನು ಕೊಟ್ಟಿರುತ್ತೇವೆ. ಅದರ ಬೆಲೆ ಎಷ್ಟೆಂಬುದು ಪ್ರತಿ ಬಾಕ್ಸಿಗೆ ಬೀಳುವ ವ್ಯತ್ಯಾಸವನ್ನು ಒಂದು ಬೆಳೆಯುದ್ದಕ್ಕೂ ಬರೆದಿಟ್ಟವರಿಗೆ ಗೊತ್ತು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು, ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳೂ ಇವೆ. ಆ ಒಂದು ಜುಲೈಯನ್ನು ನೆನೆದು ಹೊಸ ಸಾಲಕ್ಕೆ ಕೈ ಹಾಕಿದವರೇ ಇವತ್ತು ಹೆಚ್ಚು ತೊಂದರೆಯಲ್ಲಿದ್ದಾರೆ.

ಪೇಟೆಯಲ್ಲಿ ತಳ್ಳುಗಾಡಿಯವರಿಗೆ, ಬೀದಿಬದಿ ಸೊಪ್ಪು ಮಾರುವವರಿಗೆ ಪಿಎಂ ಸ್ವನಿಧಿ ಸಾಲವಿದೆ. 2020ರಲ್ಲಿ ಹತ್ತು ಸಾವಿರದಿಂದ ಆರಂಭವಾದ ಇದರಲ್ಲಿ ಮೊದಲ ಸಲ ಸಿಗುವ ಸಾಲ ಈಗ 15,000, ಅದು ತೀರಿದ ಮೇಲೆ ಎರಡನೆಯದು 25,000, ಮೂರನೆಯದು 50,000. ಸರಿಯಾಗಿ ಕಟ್ಟುವವರಿಗೆ ಶೇ 7ರ ಬಡ್ಡಿ ಸಹಾಯಧನವೂ ಇದೆ. ಬೆಳಿಗ್ಗೆ ಒಂಬೈನೂರು ಪಡೆದು ಸಂಜೆ ಸಾವಿರ ಕೊಡುವ ವ್ಯಾಪಾರಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಹೋಗುವ ಮಕ್ಕಳಿದ್ದರೆ, ಮನೆಯಲ್ಲಿ ಕಾಯಿಲೆ ಬಂದಾಗ ಪಿಎಫ್‌ನಿಂದ ಹಣ ತೆಗೆಯುವ ಅವಕಾಶವಿದೆ. ಅದು ಸಾಲವಲ್ಲ, ಬಡ್ಡಿಯಿಲ್ಲ.

ಮೊಬೈಲಿನ ಸಾಲದ ಆಪ್‌ಗಳನ್ನು ಈ ಹೋಲಿಕೆಯಲ್ಲಿ ಸೇರಿಸಲು ನನಗೆ ಮನಸ್ಸಿಲ್ಲ. ರಿಸರ್ವ್ ಬ್ಯಾಂಕು ತನ್ನ ನಿಯಂತ್ರಣದಲ್ಲಿರುವ ಸಂಸ್ಥೆಗಳ ಆಪ್‌ಗಳ ಪಟ್ಟಿಯನ್ನು 2025ರ ಜುಲೈನಿಂದ ಪ್ರಕಟಿಸುತ್ತಿದೆ. ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಯನ್ನೋ ಫೋಟೊಗಳನ್ನೋ ಕೇಳುವ ಆಪನ್ನು ಅಲ್ಲಿಗೇ ಮುಚ್ಚಬೇಕು.

ಮಾರುವುದನ್ನು ಯಾರೂ ಆಯ್ಕೆಯೆಂದು ಎಣಿಸುವುದಿಲ್ಲ, ನಾನು ಎಣಿಸುತ್ತೇನೆ. ಎಲ್ಲ ಸಾಲವನ್ನೂ ಬ್ಯಾಂಕಿನ ಬಡ್ಡಿಗೆ ತಂದ ಮೇಲೂ ತಿಂಗಳ ಲೆಕ್ಕ ಕಡಿಮೆಯೇ ಬೀಳುತ್ತಿದ್ದರೆ ಬೇಕಾದದ್ದು ಹೊಸ ಸಾಲವಲ್ಲ. ಗಿರವಿಯಲ್ಲಿ ಮೂರು ವರ್ಷದಿಂದ ಕೂತಿರುವ ಒಡವೆಯನ್ನು ಹರಾಜಿಗೆ ಬಿಡುವುದಕ್ಕಿಂತ ತಾವೇ ಬಿಡಿಸಿ ಇವತ್ತಿನ ಬೆಲೆಗೆ ಮಾರಿದರೆ ಉಳಿಯುವ ದುಡ್ಡು ಮನೆಗೆ ಬರುತ್ತದೆ. ಹಾಲು ಕೊಡುವ ಹಸುವನ್ನು ಮಾತ್ರ ಮಾರಬಾರದು. ಅದು ಕಂತು ಕಟ್ಟುವ ಕೈ.

ಬೆದರಿಕೆ ಬಂದಾಗ

ಕರ್ನಾಟಕದ 1961ರ ಲೇವಾದೇವಿ ಕಾಯ್ದೆಯಂತೆ ಬಡ್ಡಿ ವ್ಯವಹಾರಕ್ಕೆ ಸಹಕಾರ ಇಲಾಖೆಯ ಪರವಾನಗಿ ಬೇಕು. ಅದರಡಿ ವರ್ಷಕ್ಕೆ ಭದ್ರತೆಯಿರುವ ಸಾಲಕ್ಕೆ ಶೇ 14, ಭದ್ರತೆಯಿಲ್ಲದ್ದಕ್ಕೆ ಶೇ 16 ಬಡ್ಡಿ ಎಂದು ನಿಗದಿಯಾಗಿದೆ. ಮೀಟರ್ ಬಡ್ಡಿಯ ವಿರುದ್ಧವೇ 2004ರ ಕಾಯ್ದೆಯೊಂದಿದೆ. ಕಿರುಸಾಲ, ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತವನ್ನು ತಡೆಯಲು 2025ರ ಫೆಬ್ರುವರಿ 12ರಂದು ಬಂದ ಸುಗ್ರೀವಾಜ್ಞೆ ಮುಂದೆ ಕಾಯ್ದೆಯಾಯಿತು; ತಪ್ಪಿತಸ್ಥರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಇದನ್ನು ‘ಎಲ್ಲ ಸಾಲ ಮನ್ನಾ’ ಎಂದು ಓದಿಕೊಂಡು ನೋಂದಾಯಿತ ಕಂಪನಿಗೂ ಕಂತು ನಿಲ್ಲಿಸಿದವರಿದ್ದಾರೆ. ಅವರ ಸಾಲ ಹೋಗಲಿಲ್ಲ, ಸಾಲಮಾಹಿತಿ ವರದಿ ಕೆಟ್ಟಿತು, ಬ್ಯಾಂಕಿನ ಬಾಗಿಲು ಮುಚ್ಚಿತು. ಪರವಾನಗಿಯಿಲ್ಲದವರ ಸಾಲಕ್ಕೆ ಕಾನೂನು ಕೊಡುವ ರಕ್ಷಣೆ ಬೇರೆ, ನೋಂದಾಯಿತರದು ಬೇರೆ. ತಮ್ಮದು ಯಾವುದೆಂದು ತಿಳಿಯದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, ಸಹಾಯವಾಣಿ 15100. ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಕಂಪನಿಗೆ ಬರೆದುಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿಗೆ) ಹೋಗಬಹುದು, ಅದರ ಸಂಖ್ಯೆ 14448.

ತೀರಿಸುವ ದಿನ

ಹಣ ಕೊಡುವ ಮುಂಚೆ ಕಾಗದ ಮೇಜಿನ ಮೇಲೆ ಬರಬೇಕು. ಪ್ರೋನೋಟು, ಮೊತ್ತ ಬರೆಯದ ಚೆಕ್ಕು, ಸಹಿ ಮಾಡಿಕೊಟ್ಟ ಛಾಪಾಕಾಗದ ಎಲ್ಲವನ್ನೂ ಎಣಿಸಿ ಪಡೆದು, ‘ಪೂರ್ತಿ ಮುಟ್ಟಿದೆ’ ಎಂದು ತಾರೀಖಿನೊಂದಿಗೆ ಬರೆಸಿಕೊಳ್ಳಬೇಕು. ‘ಎಲ್ಲೋ ಇಟ್ಟಿದ್ದೇನೆ, ನಾಳೆ ಕೊಡುತ್ತೇನೆ’ ಎಂದರೆ ದುಡ್ಡೂ ನಾಳೆಯೇ. ಅವಳ ವಿಷಯದಲ್ಲಿ ಪ್ರೋನೋಟು ಅವತ್ತೇ ಸಿಕ್ಕಿತು, ಚೆಕ್ಕು ಸಿಗಲಿಲ್ಲ. ಆ ಚೆಕ್ಕಿನ ಸಂಖ್ಯೆಯನ್ನು ಬರೆದುಕೊಟ್ಟು ಹಣ ಪಾವತಿಸದಂತೆ ತಡೆಯಲು ಬ್ಯಾಂಕಿಗೆ ಅರ್ಜಿ ಹಾಕಿಸಿದೆವು.

ಸರ್ಕಾರದಿಂದ ಬರುವ ಹಾಲಿನ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ, ಗೃಹಲಕ್ಷ್ಮಿಯ 2,000 ರೂಪಾಯಿ, ಇವೆರಡನ್ನೂ ನಾವು ಆದಾಯಕ್ಕೆ ಸೇರಿಸಿರಲಿಲ್ಲ. ಯಾವ ದಿನ ಬರುತ್ತದೆಂದು ಹೇಳಲಾಗದ ದುಡ್ಡನ್ನು ನಂಬಿ ಕಂತು ಒಪ್ಪಿಕೊಳ್ಳಬಾರದು. ಬಂದಾಗ ಮೊದಲ ಹತ್ತು ಸಾವಿರ ಹಸುವಿನ ಕಾಯಿಲೆಗೆಂದು ಬೇರೆ ಖಾತೆಯಲ್ಲಿ, ಆಮೇಲಿನದು ಸರದ ಅಸಲಿಗೆ. ಕ್ಯಾಲೆಂಡರಿನಲ್ಲಿ ಈಗ ಬಟವಾಡೆಯ ತಾರೀಖುಗಳಿಗೆ ಅವಳೇ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾಳೆ, ಹನ್ನೆರಡನೆಯ ತಿಂಗಳ ಹಾಳೆಯಲ್ಲಿ ಬ್ಯಾಂಕಿನ ಗಡುವನ್ನು ಬರೆದಿದ್ದಾಳೆ. ಹಿಂದಿನ ಪ್ಲಾಸ್ಟಿಕ್ ಕವರಿನಲ್ಲಿ ಉಳಿದಿರುವುದು ಕಿರುಸಾಲದ ಎರಡು ಕಾರ್ಡು ಮತ್ತು ಬ್ಯಾಂಕಿನ ಒಂದು ರಸೀದಿ.